ಎಡಕ್ಕಿಟ್ಟ ನಾಬ್

ಬರ್ಲಿನ್, ೧೪ ನವೆಂಬರ್, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ. ಒಬ್ಬರು ವೈರು ಜೋಡಿಸಿಟ್ಟ ಸಿಂತಸೈಜರನ್ನು ಇನ್ನೊಬ್ಬರು ಮುಟ್ಟಬಾರದು. ಸಿಂತಸೈಜರ್ ನುಡಿಸುವ ನಮ್ಮವರಲ್ಲಿ ಇರುವುದೇ ಇದೊಂದು ಕಟ್ಟಳೆ. ನನಗೆ ಅದನ್ನು ಕಲಿಸಿದವನೇ ಡೆಟ್ಲೆಫ್. ಇಷ್ಟು ವರ್ಷ ನನ್ನ ಪಕ್ಕದಲ್ಲೇ ನಿಂತು ನುಡಿಸಿದವನು!

ಡ್ರಮ್ಮಿನ ಪೆಟ್ಟಿಗೆ ಸ್ವರ ಎಷ್ಟು ಅಲುಗಬೇಕೆಂದು ಗೊತ್ತುಮಾಡಲು ನನ್ನ ಸಿಂತಸೈಜರಿನಲ್ಲಿ ಒಂದು ನಾಬ್, ತಿರುಗಿಸುವ ಗುಂಡಿ, ಇದೆ. ಅದು ನಡುವೆ ಇದ್ದರೆ ಡ್ರಮ್ಮಿನ ಪೆಟ್ಟು ಸ್ವರಕ್ಕೆ ತಾಗುವುದೇ ಇಲ್ಲ. ಬಲಕ್ಕೆ ತಿರುಗಿಸಿದರೆ ಪ್ರತಿ ಪೆಟ್ಟಿಗೂ ಸ್ವರ ಏರುತ್ತದೆ, ಎಡಕ್ಕೆ ತಿರುಗಿಸಿದರೆ ತಗ್ಗುತ್ತದೆ. ಮಧ್ಯಾಹ್ನವೆಲ್ಲ ಕೂತು ಕೂದಲೆಳೆಯಷ್ಟು ಎಡಕ್ಕೆ ಇಟ್ಟಿದ್ದೆ. ಮೆಟ್ಟಿಲ ಮೇಲೆ ಅಪ್ಪನ ಬೂಟಿನ ಸದ್ದು ಕೇಳಿದರೆ ಅಮ್ಮ ಕುಗ್ಗುತ್ತಿದ್ದಳಲ್ಲ, ಸ್ವರ ಹಾಗೆ ಕುಗ್ಗಬೇಕಿತ್ತು.

ನಾನು ಕಾಫಿಗೆ ಹೋದಾಗ ಡೆಟ್ಲೆಫ್ ಅದನ್ನು ಬಲಕ್ಕೆ ತಿರುಗಿಸಿದ್ದಾನೆ. ಸಂಜೆ ಜನರೆದುರು ಮೊದಲ ಪೆಟ್ಟು ಬಿದ್ದದ್ದೇ ಸ್ವರ ಕಿರುಚಿತು. ಕೊನೆಯವರೆಗೂ ಕಿರುಚಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ನೀನು ಮುಟ್ಟಿದ್ಯೇನೋ?" ಎಂದೆ.

"ಒಂಚೂರು ತಿರುಗಿಸ್ದೆ ಕಣೇ ವೀಬ್ಕೆ. ಜೀವಾನೇ ಇರ್ಲಿಲ್ಲ ಅದ್ರಲ್ಲಿ. ಈಗ ಜನ ಹೆಂಗೆ ಹುಚ್ಚೆದ್ರು ನೋಡಿದ್ಯಲ್ಲ!"

"ಅದು ನಮ್ಮಮ್ಮ ಕಣೋ! ನಿಂಗೆ ಹೇಳಿದ್ನಲ್ಲ."

"ಹಂಗಾದ್ರೆ ಇವತ್ತಾದ್ರೂ ಬಾಯಿ ಬಿಟ್ರಲ್ಲ, ಬಿಡು," ಎಂದು ಬಿಯರ್ ಬಾಟಲಿಯ ಮುಚ್ಚಳ ತೆಗೆದ.

ಕೈಯಲ್ಲಿದ್ದ ವೈರುಗಳನ್ನು ಅವನ ಮುಖಕ್ಕೆ ಎಸೆದು ಬಂದೆ. ಇನ್ನು ಅವನ ಜೊತೆ ನುಡಿಸುವುದಿಲ್ಲ. ಫೋನ್ ಮಾಡಿದರೂ ಎತ್ತುವುದಿಲ್ಲ. ಕಳ್ಳ. ಕಟ್ಟಳೆಗೆಟ್ಟವನು.

ನಾಬ್ ನನ್ನ ಕೈಯಡಿಯಲ್ಲೇ ಇತ್ತು. ಎರಡನೆಯ ಪೆಟ್ಟಿಗೆ ಮುಂಚೆಯೇ ಎಡಕ್ಕೆ ತಿರುಗಿಸಬಹುದಿತ್ತು. ಬೆರಳು ಇಟ್ಟಿದ್ದೆ ಕೂಡ. ತಿರುಗಿಸಲಿಲ್ಲ. ಅಮ್ಮ ಒಂದೇ ಒಂದು ಸಲ ಹಾಗೆ ಕಿರುಚುವುದನ್ನು ಕೇಳಬೇಕಿತ್ತು ನನಗೆ.