ಅಮ್ಮನ ಮಾವಿನ ಮರಕ್ಕೊಂದು ಕಂಪ್ಯೂಟರ್

ಯಲ್ದೂರು
ಭಾನುವಾರ

ಗೋಡೆಯಾಚೆಯ ಅಣ್ಣ ಅಶ್ವತ್ಥಪ್ಪನಿಗೆ,

ನಾವು ಮಾತು ಬಿಟ್ಟಿರುವುದರಿಂದ ಈ ಪತ್ರ.

ನಾನೂ ಅಮ್ಮನೂ ಮೊದಲ ಹಣ್ಣನ್ನು ಕುರುಡುಮಲೆ ಗಣಪನಿಗೆ ಒಪ್ಪಿಸಲು ಹೋದ ದಿನವೇ, ಅಮ್ಮ ಕಸಿ ಕಟ್ಟಿ ಬೆಳೆಸಿದ ಮಾವಿನ ಮರವನ್ನು ನೀನು ಉರುಳಿಸಿದೆ. ಕೇಳಿದ್ದಕ್ಕೆ, "ನಮ್ಮ ಅಂಗಳಕ್ಕೆಲ್ಲ ಎಲೆ ಬೀಳ್ತಿತ್ತು ಕಣೇ. ಬಿ.ಎ. ಓದಿದೋಳು ನೀನು, ಮರದ ಮೇಲೊಂದು ಪದ್ಯ ಬರ್ಕೋ ಹೋಗು" ಅಂದೆ. ಬರೆದೆ:

ಎಲೆ ಉದುರಿತೆಂದು ಬುಡವ ಕಡಿದೆ,
ನಗುನಗುತ ಅಮ್ಮನ ಮನವ ಮುರಿದೆ.

ಪದ್ಯ ಸಾಲದೆನ್ನಿಸಿ ಈಗ ಕಂಪ್ಯೂಟರ್ ಕಟ್ಟಿಸುತ್ತಿದ್ದೇನೆ. ಆಟ ಆಡಲು ಹಾಲ್‌ನಲ್ಲಿ ಟಿವಿ ಪಕ್ಕ ಇಡುವಂಥದ್ದು. ದೊಡ್ಡ ಗ್ರಾಫಿಕ್ಸ್ ಕಾರ್ಡು, ಸದ್ದು ಮಾಡದ ಫ್ಯಾನು. ವಿಆರ್ ಕನ್ನಡಕ ಕಟ್ಟಿಕೊಂಡರೆ ಆಟದೊಳಗೇ ನಿಂತಂತಿರುತ್ತದೆ. ಕೈ ಬೀಸಲು ಜಾಗ ಬೇಕೆಂದು ಸೋಫಾ ಆಗಲೇ ಹೊರಗೆ ಹಾಕಿದ್ದೇನೆ.

ಆಟ ಮಾಡಿಕೊಟ್ಟವಳು ನಿನ್ನ ಮಗಳು ಶಿರೀಷಾ. ಅದರಲ್ಲಿ ಮರ ಮತ್ತೆ ನಿಂತಿದೆ, ಕೊಂಬೆ ತುಂಬ ಹಣ್ಣು. ಬುಡದಲ್ಲಿ ಕೊಡಲಿ ಹಿಡಿದವನೊಬ್ಬನಿದ್ದಾನೆ. ಹಣ್ಣು ಕಿತ್ತು ಅವನಿಗೆ ಹೊಡೆಯುವುದೇ ಆಟ. ಅವನಿಗಿನ್ನೂ ಮುಖವಿಲ್ಲ.

ಆದ್ದರಿಂದ ನಿನ್ನ ಫೋಟೊ ಮೂರು ಬೇಕು: ಎದುರಿನದೊಂದು, ಎಡಬಲದ್ದು ಒಂದೊಂದು. ಕಳಿಸದಿದ್ದರೂ ಚಿಂತೆಯಿಲ್ಲ, ನಿನ್ನ ಮದುವೆಯ ಆಲ್ಬಮ್ ನಮ್ಮಲ್ಲೇ ಇದೆ.

ಮೊದಲ ಸರದಿ ಅಮ್ಮನದು. "ನಾನೇ ಹೆತ್ತ ಮುಖ, ಗುರಿ ಎಲ್ಲಿ ತಪ್ಪುತ್ತೆ ಬಿಡೇ" ಅನ್ನುತ್ತಾಳೆ. ಒಂದು ವಾರದಿಂದ ದಿನಾ ಬೆಳಿಗ್ಗೆ ಬಲಭುಜಕ್ಕೆ ಎಳ್ಳೆಣ್ಣೆ ತಿಕ್ಕಿಕೊಳ್ಳುತ್ತಿದ್ದಾಳೆ.

ಮರ ಮರೆಯದ ತಂಗಿ,
ಸರಳಾ