ಹೂವು ಇಡಲು ಒಂದು ಜಾಗ

ಚಿಕ್ಕಲಸಂದ್ರ,
೨೦-೧-೧೯೮೪

ಪ್ರೀತಿಯ ಕೆಂಪಕ್ಕನವರಿಗೆ, ನಿಮ್ಮ ತಮ್ಮನ ಹೆಂಡತಿ ನಾಗಲಕ್ಷ್ಮಿಯ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳಿ ಅಂದರೆ ನೀವು ಹೊಲದ ಕಡೆ ಹೊರಟಿರುತ್ತೀರಿ, ನನಗೆ ಗೊತ್ತು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಕಾಗದಕ್ಕೆಂದು ಬರೆಯುವ ಮಾತಲ್ಲ, ನಿಜವಾಗಿಯೂ ಚೆನ್ನಾಗಿದ್ದೇವೆ.

ಕಳೆದ ವರ್ಷ ಇವರ ರೇಡಿಯೋ ಫ್ಯಾಕ್ಟರಿಗೆ ಓಡುವ ಬೆಲ್ಟ್ ಬಂತಲ್ಲ, ಅಲ್ಲಿಂದ ಶುರುವಾಯಿತು. ಮೊದಲು ಇಡೀ ರೇಡಿಯೋವನ್ನು ತಾವೇ ಜೋಡಿಸಿ, ಅದು ಹಾಡುವುದನ್ನು ಕೇಳಿ ಕೆಳಗಿಡುತ್ತಿದ್ದವರು, ಆಮೇಲೆ ದಿನವಿಡೀ ಒಂದೇ ತಂತಿಗೆ ಬೆಸುಗೆ ಹಾಕತೊಡಗಿದರು. ಕೆಲಸ ಹಗುರ, ಸಂಬಳ ಅಷ್ಟೇ. ಆದರೂ ಊಟ ಸೇರದು, ತಲೆನೋವು ಬಿಡದು, ಮಾತಾಡಿಸಿದರೆ ಸಿಡುಕು. ನಾನೂ ರೇಗಿ ತಟ್ಟೆ ಕುಕ್ಕಿದ್ದುಂಟು. ಆಯುಧಪೂಜೆಗೆಂದು ಕಟ್ಟಿಕೊಟ್ಟ ಸೇವಂತಿಗೆ ಹಾರವನ್ನು ಹಾಗೇ ವಾಪಸು ತಂದರು. ಯಾಕೆಂದು ಕೇಳಿದರೆ, “ಅಷ್ಟುದ್ದ ಬೆಲ್ಟಲ್ಲಿ ನಂದು ಅಂತ ಯಾವ ಜಾಗ ಐತೆ, ಎಲ್ಲಿಗೆ ಹಾಕ್ಲಿ?” ಎಂದರು. ನನಗೆ ಅಳುವೇ ಬಂತು. ಆ ವಾರವೇ ನೀವು ಮದ್ದೂರಿನ ಸೊಸೈಟಿಯಲ್ಲಿ ಕೆಲಸ ನೋಡಿದ್ದು, ಇವರು ಹೂಂ ಅಂದದ್ದು.

ಹಾರ ವಾಪಸು ತಂದವರು ಇವರೊಬ್ಬರೇ ಅಲ್ಲವಂತೆ. ನಾಲ್ವರು ಸೇರಿ ಮ್ಯಾನೇಜರ್ ಸಂಜೀವಯ್ಯನವರ ಹತ್ತಿರ ಹೋಗಿ, ನಮಗೊಂದು ಮೇಜು ಬಿಟ್ಟುಕೊಡಿ, ಪೂರ್ತಿ ರೇಡಿಯೋ ನಾವೇ ಮಾಡುತ್ತೇವೆ, ಯಾರು ಏನು ಮಾಡಬೇಕೆಂದೂ ನಾವೇ ನೋಡಿಕೊಳ್ಳುತ್ತೇವೆ, ತಪ್ಪಾದರೆ ನಮ್ಮನ್ನೇ ಕೇಳಿ ಎಂದರಂತೆ. ಸಂಕ್ರಾಂತಿಯವರೆಗೆ ನೋಡೋಣ ಎಂದರು ಅವರು. ಈಗ ಕೆಲಸ ಹೆಚ್ಚು, ಮನೆಗೆ ಬರುವುದೂ ತಡ. ಆದರೂ ಬಂದವರು ಎರಡು ಮುದ್ದೆ ಉಂಡು, ನಾನು ಕೇಳದಿದ್ದರೂ ಕಂಡೆನ್ಸರ್ ಕಥೆ ಹೇಳುತ್ತಾರೆ. ನನಗೆ ಒಂದಕ್ಷರ ಅರ್ಥವಾಗುವುದಿಲ್ಲ. ಕೇಳುತ್ತಾ ಕೂತಿರಲು ಎಷ್ಟು ಹಿತ, ಅಕ್ಕ.

ಮನೆಯವರಿಗೆಲ್ಲ ನಾವು ನೆನೆದೆವೆಂದು ಹೇಳಿ. ಮಂಡಿಗೆ ಎಣ್ಣೆ ಮರೆಯಬೇಡಿ.

ನಿಮ್ಮ
ನಾಗಲಕ್ಷ್ಮಿ

ಇನ್ನೊಂದು ಮಾತು: ಸೋಮವಾರ ಮದ್ದೂರಿನ ಕೆಲಸಕ್ಕೆ ಸೇರಲು ಇವರು ಬರುವುದಿಲ್ಲ. ನೀವು ಯಾರ್ಯಾರ ಮನೆ ಬಾಗಿಲಿಗೆ ಹೋಗಿ ಕೇಳಿದ್ದಿರೋ ಎಂದು ನೆನೆದರೆ ಸಂಕಟವಾಗುತ್ತದೆ. ತಾಯಿಯ ಹಾಗೆ ಸಾಕಿದ ನಿಮಗೆ ಇದನ್ನು ಬರೆಯಲು ಇವರಿಗೆ ಕೈ ಓಡಲಿಲ್ಲ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ. ಸಂಕ್ರಾಂತಿ ಕಳೆಯಿತು, ಮೇಜು ಆ ನಾಲ್ವರಿಗೇ ಉಳಿಯಿತು. ಇವತ್ತು ಬೆಳಿಗ್ಗೆ, ಹಬ್ಬವಿಲ್ಲ ಹರಿದಿನವಿಲ್ಲ, ನನ್ನ ಹತ್ತಿರ ಒಂದು ಮೊಳ ಸೇವಂತಿಗೆ ಕೇಳಿ ತೆಗೆದುಕೊಂಡು ಹೋದರು.