ನಮ್ಮ ಬಾಲ್ಕನಿಯ ಗಾಳಿ

ಮನೆಯಿಂದ (ಧೂಳಿನೊಳಗೆ ಮನೆ ಇನ್ನೂ ಕಾಣುತ್ತಿದೆ),
ಹನ್ನೆರಡನೇ ತಾರೀಖು, ಭಾನುವಾರ ಬೆಳಗ್ಗೆ

ನನ್ನ ಪ್ರೀತಿಯ ಇವಳೇ,

ಮನಸ್ಸಾಕ್ಷಿಯನ್ನು ಎದುರಿಗೆ ಕೂರಿಸಿಕೊಂಡು ಗಂಭೀರವಾಗಿ ತಿಳಿಸುವುದೇನೆಂದರೆ, ನಿನ್ನ ಗಂಡ ಈಗ ಅಪರಾಧಿ. ವಿವರ ಆಮೇಲೆ. ಮೊದಲು ಹೇಳು, ಗುಬ್ಬಿಯ ಕೆಮ್ಮು ಹೇಗಿದೆ? ಮಲಗಿದಾಗ ಎದೆಯೊಳಗೆ ಸಿಳ್ಳೆ ಹೊಡೆದಂತೆ ಆಗುತ್ತಿತ್ತಲ್ಲ, ಅದು ನಿಂತಿತೇ? ನಿಮ್ಮಮ್ಮನ ಬಿ.ಪಿ. ಹತೋಟಿಯಲ್ಲಿದೆಯೇ? ಅಳಿಯನ ವಿಷಯ ಎತ್ತದಿದ್ದರೆ ಇರುತ್ತದೆ, ಗೊತ್ತು. ಇಲ್ಲಿ ನಾನೂ ಅಮ್ಮನೂ ಕ್ಷೇಮ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುನಡುವೆ ನಗುತ್ತೀಯ, ನನ್ನ ವಾಕ್ಯ ಕೆಡುತ್ತದೆ.

ಅಪರಾಧ ಇಷ್ಟೇ. ಎದುರುಗಡೆ ಏಳುತ್ತಿರುವ ಒಂಬತ್ತು ಅಂತಸ್ತಿನ ಕಟ್ಟಡದ ಎಂಜಿನಿಯರ್ ತನ್ನ ಕಾರನ್ನು ನಮ್ಮ ಗೇಟಿನ ಮುಂದೆಯೇ ನಿಲ್ಲಿಸುತ್ತಾನೆ. ನೀವಿಬ್ಬರೂ ಊರಿಗೆ ಹೋದ ಮರುದಿನ, ಅದರ ಹಿಂಬದಿ ಗಾಜಿನ ಮೇಲೆ ಬೆರಳಿನಿಂದ ದುಂಡಗೆ ‘ಈ ಧೂಳು ತಮ್ಮದೇ’ ಎಂದು ಬರೆದೆ. ಬರೆದು ಸುಮ್ಮನೆ ಒಳಗೆ ಬರಬಾರದೇ? ಅಕ್ಷರದ ಅಂದ ನೋಡುತ್ತಾ ನಿಂತು ಸಿಕ್ಕಿಬಿದ್ದೆ. ಆತ ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. “ಕಾರಿನ ಮೇಲೆ ಯಾಕೆ ಬರೀತೀರಿ ಸಾರ್? ಮಾಲಿನ್ಯ ನಿಯಂತ್ರಣದ ಕಚೇರಿಗೆ ಬರೀರಿ. ಬಂದು ಗಾಳಿ ಅಳೀತಾರೆ. ಮಿತಿ ಮೀರಿದ್ರೆ ಪರದೆ ಕಟ್ಟಿ, ನೀರು ಹೊಡೆದೇ ಕೆಲಸ ಮಾಡ್ತೀವಿ” ಎಂದ. ಪರದೆ, ನೀರು! ಗುಬ್ಬಿಯ ಡಾಕ್ಟರು ಹೇಳಿದ್ದಕ್ಕೂ ಅದೇ ದಾರಿ ತಾನೆ? ಧೂಳು ತಗ್ಗುವವರೆಗೆ ಮಗುವನ್ನು ಈ ಮನೆಗೆ ತರಬೇಡಿ ಎಂದಿದ್ದರಲ್ಲ. ಅಂದೇ ಅರ್ಜಿ ಹಾಕಿದೆ.

ಅಳೆಯಲು ಬಂದವಳು ನನ್ನ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಬೀದಿಯಲ್ಲಿ ನಾಲ್ಕು ಕಡೆ ಪುಟ್ಟ ಬಿಳಿ ಪೆಟ್ಟಿಗೆಗಳನ್ನು ಕೂರಿಸಿದಳು. ಕಟ್ಟಡಕ್ಕೆ ತೀರಾ ಹತ್ತಿರದ್ದು ನಮ್ಮ ಬಾಲ್ಕನಿಯದು. ಗಾಳಿಯನ್ನು ಒಳಗೆಳೆದು ಧೂಳನ್ನು ಎಣಿಸುವ ಯಂತ್ರವಂತೆ. ಆಕೆ ಕಚೇರಿಯಲ್ಲಿ ಕೂತೇ ಅಂಕಿಗಳನ್ನು ನೋಡುತ್ತಾಳಂತೆ. ವಾರ ಕಳೆದ ಮೇಲೆ ಮೂಲೆಯ ಶಾಲೆಯಲ್ಲಿ ಸಭೆ. ಫಲಿತಾಂಶ ಏನು ಗೊತ್ತೇ? ಉಳಿದ ಮೂರೂ ಕಡೆ ಮಿತಿಯ ಅಂಚಿನಲ್ಲಿದೆ. ಇಡೀ ಬೀದಿಯಲ್ಲಿ ಅತ್ಯಂತ ಶುದ್ಧವಾದ ಗಾಳಿ ನಮ್ಮ ಬಾಲ್ಕನಿಯದು! ನಾಲ್ಕರ ಸರಾಸರಿ ಮಿತಿಯೊಳಗೇ ಇರುವುದರಿಂದ ಪರದೆಯೂ ಬೇಡ, ನೀರೂ ಬೇಡ. ಎಂಜಿನಿಯರ್ ಎದ್ದು ಬಂದು ಕೈಕುಲುಕಿದ. ಇಸ್ತ್ರಿ ಅಂಗಡಿಯವನು ಹಿಂದಿನ ಸಾಲಿನಿಂದ, “ಮೇಷ್ಟ್ರೇ, ನಾಳೆಯಿಂದ ನಿಮ್ಮ ಬಾಲ್ಕನಿಗೇ ವಾಕಿಂಗ್ ಬರ್ತೀವಿ, ಟಿಕೆಟ್ ಎಷ್ಟು?” ಎಂದ. ಎಲ್ಲರೂ ನಕ್ಕರು. ಆ ಬಾಲ್ಕನಿಯಲ್ಲಿ ಒಣಹಾಕಿದ ಬಿಳಿ ಬನಿಯನ್ ಕಾವಿ ತೊಟ್ಟು ಸನ್ಯಾಸಿಯಾಗಿ ಒಳಗೆ ಬರುತ್ತದೆ, ಮಾರಾಯ್ತಿ! ಅಮ್ಮ ದಿನಕ್ಕೆ ಮೂರು ಸಲ ನೆಲ ಒರೆಸಿ, “ಕಟ್ಟಡ ಅಲ್ಲೇನು ಕಟ್ತಾರೋ, ಇಲ್ಲೇ ಕಟ್ತಿದ್ದಾರೆ” ಎನ್ನುತ್ತಾರೆ.

ಆಗ ಎದ್ದೆ ನೋಡು ನಾನು. ನೀನಿರಬೇಕಿತ್ತು. “ಇಪ್ಪತ್ತು ವರ್ಷದಿಂದ ಭೌತಶಾಸ್ತ್ರ ಪಾಠ ಮಾಡ್ತಿದ್ದೀನಿ. ಅಳತೆ ಅಂದ್ರೇನು ಅಂತ ನನಗೆ ಹೇಳಿಕೊಡಬೇಡಿ. ಇದು ಯಂತ್ರದ ತಪ್ಪಲ್ಲ, ಯಂತ್ರ ಇಟ್ಟವರ ತಪ್ಪು. ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ!” ಎಂದು ಗುಡುಗಿದೆ. ಚಪ್ಪಾಳೆ ಬಿತ್ತು. ಆ ಹುಡುಗಿ ಕೆಂಪಾದಳು. “ನಾನು ಯಾರ ಹತ್ರಾನೂ ಒಂದು ಲೋಟ ನೀರೂ ಕುಡಿದಿಲ್ಲ ಸಾರ್” ಎಂದಳು. ನಾನು ಬಿಡಲಿಲ್ಲ. ಕೊನೆಗೆ ಕಚೇರಿಯವರು ಸೋತು, ಯಂತ್ರಗಳನ್ನು ಇದ್ದಲ್ಲೇ ಬಿಟ್ಟು ಇನ್ನೊಂದು ವಾರ ಅಳೆಯಲು ಒಪ್ಪಿದರು. ಇದೇ ಕೊನೆ, ಮೂರನೆಯ ಸಲ ಇಲ್ಲ ಎಂದೂ ಹೇಳಿದರು. ನಾಳೆಗೆ ಆ ವಾರ ಮುಗಿಯುತ್ತದೆ. ಬೀದಿಯಲ್ಲೀಗ ನನ್ನ ಬೆಲೆ ಏರಿದೆ. ಇಸ್ತ್ರಿಯವನು ಶರ್ಟಿನ ಕಾಲರನ್ನು ಎರಡೆರಡು ಸಲ ತೀಡುತ್ತಾನೆ. ಈ ಸಲ ಗೆಲುವು ನಮ್ಮದೇ. ಶಾಲೆ ಶುರುವಾಗುವಷ್ಟರಲ್ಲಿ ನೀವಿಬ್ಬರೂ ಮನೆಯಲ್ಲಿರುತ್ತೀರಿ; ರೈಲಿಗೆ ಧೈರ್ಯವಾಗಿ ಸೀಟು ಕಾದಿರಿಸು.

ಗುಬ್ಬಿಯ ಎರಡೂ ಕೆನ್ನೆಗೆ ಮುತ್ತು. ನಿಮ್ಮಮ್ಮನಿಗೆ ನಮಸ್ಕಾರ, ಬಿ.ಪಿ. ನೋಡಿಕೊಂಡು ತಲುಪಿಸು. ನಿನಗೆ ಏನು ಬೇಕೋ ಬಂದು ವಸೂಲು ಮಾಡಿಕೋ.

ಇಂತು ನಿನ್ನ,
ಬೀದಿಯ ವಕೀಲ

ತಾ.ಕ.: ಸೀಟು ಕಾದಿರಿಸಬೇಡ. ಲಕೋಟೆ ಅಂಟಿಸುತ್ತಿದ್ದಾಗ ಅಮ್ಮ ಅಡುಗೆಮನೆಯಿಂದ, “ಮಿಕ್ಸಿ ಕವರ್ ಎಲ್ಲಿಟ್ಟೆಯೋ? ಎರಡು ವಾರದಿಂದ ಹುಡುಕ್ತಿದ್ದೀನಿ” ಎಂದು ಕೂಗಿದರು. ಬಾಲ್ಕನಿಗೆ ಓಡಿದೆ. ಇದೆ, ಹೂವಿನ ಚಿತ್ರದ ಆ ದಪ್ಪ ಪ್ಲಾಸ್ಟಿಕ್ ಕವರು, ಈಗಲೂ ಅಲ್ಲೇ ಇದೆ. ಆ ಹುಡುಗಿಗೆ ಈಗಲೇ ಫೋನ್ ಮಾಡಬೇಕು. ಇನ್ನೊಂದು ವಾರ ಕೊಡಿ ಎಂದು ಯಾವ ಬಾಯಲ್ಲಿ ಕೇಳಲಿ? ಹದಿಮೂರು ದಿನ ಆ ಯಂತ್ರ ಗಾಳಿಯನ್ನೇ ಕಂಡಿಲ್ಲ. “ದುಬಾರಿ ಯಂತ್ರ, ಜೋಪಾನ ಸಾರ್” ಎಂದು ಆಕೆ ಹೇಳಿಹೋದ ಸಂಜೆಯೇ, ಧೂಳು ಅಳೆಯುವ ಯಂತ್ರದ ಮೇಲೆ ಧೂಳು ಕೂರಬಾರದೆಂದು ಕವರು ತೊಡಿಸಿ, ಗಾಳಿಗೆ ಹಾರದಂತೆ ದಾರ ಬಿಗಿದು ಕಟ್ಟಿದವನು ನಾನೇ ಕಣೇ.